ಮುರುಗಪ್ಪನವರ ಪಡಸಾಲೆಯ ತಂಪು

ಹೊಸದುರ್ಗದ ಕೊಬ್ಬರಿ ವ್ಯಾಪಾರಿ ಮುರುಗಪ್ಪನವರು ಬಲು ವಿಚಾರವಂತರು. ಒಂದು ಕೊಡ ಕೊಳ್ಳಬೇಕಾದರೂ ನಾಲ್ಕು ಅಂಗಡಿಯಲ್ಲಿ ಬಡಿದು ನೋಡುವ ಆಸಾಮಿ. ಈ ಬೇಸಿಗೆಯ ಆರಂಭದಲ್ಲೇ ಅವರ ಹೆಂಡತಿ ಅನ್ನಪೂರ್ಣಮ್ಮ ರೊಟ್ಟಿ ತಟ್ಟುತ್ತಾ ಒಲೆಯ ಮುಂದೆಯೇ ತಲೆಸುತ್ತಿ ಬಿದ್ದರು. "ಬಿ.ಪಿ. ಐತೆ. ಮಧ್ಯಾಹ್ನ ತಂಪಾದ ಕಡೆ ಮಲಗಿಸ್ರಿ," ಎಂದರು ಡಾಕ್ಟರು. ಏಸಿ ತರುವುದೆಂದು ಅವತ್ತೇ ತೀರ್ಮಾನವಾಯಿತು.

ತೀರ್ಮಾನವಾದರೆ ಸಾಕೇ? ವಿಚಾರಿಸಬೇಡವೇ? ಮುರುಗಪ್ಪನವರು ಹೊಳಲ್ಕೆರೆಗೆ ಹೋಗಿ ಕೇಳಿಬಂದರು. ಹಿರಿಯೂರಿನ ಬೀಗರ ಮನೆಯ ಏಸಿಯನ್ನು ಊಟ ಮುಗಿಸಿ, ಗೊರಕೆ ಹೊಡೆದು, ಕೂಲಂಕಷವಾಗಿ ಪರೀಕ್ಷಿಸಿದರು. ಅಲ್ಲಿಯವರೆಗೆ ಅನ್ನಪೂರ್ಣಮ್ಮ ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ದಿನ ದೂಡಿದರು.

ಕೊನೆಗೆ ಚಿತ್ರದುರ್ಗದ ಅಂಗಡಿಯಲ್ಲಿ ಸಹನಾ ಎಂಬ ಹುಡುಗಿ ಕೇಳಿದಳು, "ರೂಮು ಎಷ್ಟು ದೊಡ್ಡದು ಸಾರ್?"

"ರೂಮಲ್ಲಮ್ಮ, ಪಡಸಾಲೆ. ಬಂದೋರು ಕುಂತ್ಕಳೋದು ಅಲ್ಲೇ."

ಸರಿಯೇ. ಐದು ಸ್ಟಾರಿನ ಏಸಿಯನ್ನು ಮಲಗುವ ಕೋಣೆಗೆ ಹಾಕಿದರೆ ಊರಿನವರು ನೋಡುವುದು ಹೇಗೆ?

"ಇದು ಇನ್ವರ್ಟರ್ ಏಸಿ ಸಾರ್. ಜಾಗ ತಂಪಾದ್ಮೇಲೆ ತಾನೇ ನಿಧಾನ ಆಗುತ್ತೆ, ಕರೆಂಟು ಉಳಿಯುತ್ತೆ. ಬಾಗಿಲು ಮಾತ್ರ ಹಾಕಿರ್ಬೇಕು."

"ಹಗಲೊತ್ತು ಬಾಗಿಲು ಹಾಕಾಕೆ ನಮ್ಮನೇಲಿ ಸಾವಾಗೈತೇನಮ್ಮ?"

ಏಸಿ ಪಡಸಾಲೆಯ ಗೋಡೆ ಏರಿತು. ತಲಬಾಗಿಲು ಎಂದಿನಂತೆ ಹಾರುಹೊಡೆದೇ ಇತ್ತು. ಅರ್ಧ ತಂಪು ಬೀದಿಯ ನಾಯಿಗೆ, ಉಳಿದರ್ಧ ಏಕಾಂತಪ್ಪನವರಂಥ ಕೊಬ್ಬರಿ ಮಂಡಿಯ ಗೆಳೆಯರಿಗೆ. ನಿಧಾನವಾಗಲು ಅವಕಾಶವೇ ಸಿಗದ ಆ ಯಂತ್ರ ಗಾಣದೆತ್ತಿನ ಹಾಗೆ ದುಡಿಯಿತು. ಗಂಡಸರು ಕೂತ ಪಡಸಾಲೆಯಲ್ಲಿ ಹೆಂಗಸು ಮೈ ಚೆಲ್ಲುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಬಂದವರಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡುವ ಪದ್ಧತಿ ಮಾತ್ರ ಧಾರಾಳವಾಗಿತ್ತು. ಹಾಗಾಗಿ ಯಾರ ಹೆಸರಿನಲ್ಲಿ ಏಸಿ ಬಂತೋ ಆಕೆಗೆ ಮಧ್ಯಾಹ್ನವೂ ಎಣ್ಣೆ ಬಾಣಲೆಯೇ ಗತಿಯಾಯಿತು.

ಒಂದು ದಿನ ಅನ್ನಪೂರ್ಣಮ್ಮ ಬಿಸಿ ಮೆಣಸಿನಕಾಯಿಯ ತಟ್ಟೆ ಹಿಡಿದು ಬಂದವರು ತಲೆಸುತ್ತಿ ಗೋಡೆಗೆ ಕೈ ಊರಿದರು. ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಏನೇ, ಹೆಂಗೈತೆ ನಿನ್ನ ಏಸಿ? ಏಕಾಂತಪ್ಪೋರು ಕೇಳ್ತಾ ಅವ್ರೆ, ಹೇಳು," ಎಂದರು ಮುರುಗಪ್ಪನವರು ಹೆಮ್ಮೆಯಿಂದ.

"ನೀವೆಲ್ಲಾ ಎದ್ದೋದ್ರೆ, ಒಂದು ಗಳಿಗೆ ಅಡ್ಡಾಗಿ ನೋಡಿ ಹೇಳ್ತೀನ್ರಿ."

ಏಕಾಂತಪ್ಪನವರು ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಯಾರೂ ಏಳಲಿಲ್ಲ.