ನಡುಗೋಡೆ

ಸವದತ್ತಿ, ರಾಮದುರ್ಗದ ಕಡೆಯ ಹಳೆಯ ಪೇಟೆಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಮಣ್ಣಿನ ಗೋಡೆ. ಎರಡೂ ಕಡೆಯ ತೊಲೆಗಳು ಅದರ ಮೇಲೆಯೇ ಕುಳಿತಿರುತ್ತವೆ. ತೊಂಬತ್ತರ ದಶಕದ ಕೊನೆಯಲ್ಲಿ ಆ ಸೀಮೆಯ ಒಂದು ಪುರಸಭೆಯಲ್ಲಿ ನಾನು ಕಿರಿಯ ಎಂಜಿನಿಯರ್. ಹೊಸದಾಗಿ ಕಟ್ಟುವವರು ಬದಿಗೆ ಮೂರು ಅಡಿ ಜಾಗ ಬಿಟ್ಟಿದ್ದಾರೋ ಇಲ್ಲವೋ ನೋಡಿ ಬರೆದಿಡುವುದು ನನ್ನ ಕೆಲಸ. ಬಿಟ್ಟವರನ್ನು ನಾನಂತೂ ಕಾಣಲಿಲ್ಲ.

ಅರಿವೆ ಅಂಗಡಿಯ ವ್ಯಾಪಾರಿಯೊಬ್ಬ ತನ್ನ ಹಳೆಯ ಮನೆ ಕೆಡವಿ, ನಡುಗೋಡೆಯ ಬುಡದಲ್ಲೇ ನೆಲಮಾಳಿಗೆ ತೋಡಿಸತೊಡಗಿದ. ಗೋಡೆಯ ಆಚೆ ಜಂಪರ್ ಹೊಲಿದು ಬದುಕುವ ಹೆಂಗಸೊಬ್ಬಳು ಇಬ್ಬರು ಹೆಣ್ಣುಮಕ್ಕಳೊಂದಿಗೆ ಇದ್ದಳು. ಗೋಡೆ ಬೀಳುತ್ತದೆ ಎಂದು ಅರ್ಜಿ ಕೊಟ್ಟಳು. ನಾನು ಹೋಗಿ ನೋಡಿ, ಕೆಲಸ ನಿಲ್ಲಿಸಲು ನೋಟಿಸು ಕೊಟ್ಟೆ. ವ್ಯಾಪಾರಿ ಚಹಾ ತರಿಸಿ, ನಿಲ್ಲಿಸಿದ್ದೇನೆ ಎಂದು ಬರೆದುಕೊಟ್ಟ. ಆಮೇಲೆ ನಮ್ಮ ಕಚೇರಿಗೆ ರಜೆ ಇದ್ದ ದಿನ ಮಾತ್ರ ಅಗೆಸುತ್ತಿದ್ದ. ಸೋಮವಾರ ಅವಳು ಬಂದು ಹೇಳುವಳು, ನಾನು ಮತ್ತೊಂದು ನೋಟಿಸು ಬರೆಯುವೆ, ಅವನು ಮತ್ತೊಂದು ಉತ್ತರ ಕೊಡುವನು. ಪೊಲೀಸರನ್ನು ಕರೆಯೋಣ ಎಂದು ಮುಖ್ಯಾಧಿಕಾರಿಗಳಿಗೆ ಹೇಳಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಫೈಲು ಮೊದಲು ಪೂರ್ತಿ ಆಗಲಿ ಎಂದರು. ಪೂರ್ತಿಯಾಯಿತು. ಅಷ್ಟು ಅಚ್ಚುಕಟ್ಟಾದ ಫೈಲು ನಮ್ಮಲ್ಲಿ ಇನ್ನೊಂದಿರಲಿಲ್ಲ; ನೆನೆದರೆ ಈಗಲೂ ಮೈ ಉರಿಯುತ್ತದೆ.

ಮುಂಗಾರಿನಲ್ಲಿ ಗೋಡೆ ಬಿತ್ತು, ಅದರೊಂದಿಗೆ ಅವಳ ಮನೆಯ ತೊಲೆ, ಮಾಳಿಗೆ ಎಲ್ಲವೂ. ಮಕ್ಕಳು ಶಾಲೆಯಲ್ಲಿದ್ದರು, ಅವಳು ನಳದ ಮುಂದೆ ನೀರಿಗೆ ನಿಂತಿದ್ದಳು. ಮೂವರ ಜೀವ ಉಳಿಯಿತು. ವ್ಯಾಪಾರಿ ದಂಡ ಕಟ್ಟಿ ಕಟ್ಟಡ ಸಕ್ರಮ ಮಾಡಿಸಿಕೊಂಡ.

ಮರುವರ್ಷ, ತಿರುಗಿ ಮನೆ ಕಟ್ಟಲು ಅವಳು ಪರವಾನಗಿ ಕೇಳಿದಳು. ಸ್ಥಳ ನೋಡಲು ನಾನೇ ಹೋದೆ. ಟೇಪಿನ ಇನ್ನೊಂದು ತುದಿ ಅವಳೇ ಹಿಡಿದಳು. ಹಳೆಯ ಮನೆ ನಿಂತಿರುವತನಕ ಯಾರೂ ಕೇಳುತ್ತಿರಲಿಲ್ಲ. ಹೊಸದಾದರೆ ಎರಡೂ ಬದಿಗೆ ಮೂರು ಮೂರು ಅಡಿ ಬಿಡಬೇಕು. ಅವಳ ಜಾಗದ ಅಗಲವೇ ಹತ್ತು ಅಡಿ. ಉಳಿದದ್ದರಲ್ಲಿ ಮಂಚ ಹಾಕಿದರೆ ಕಾಲಿಡಲು ಎಡೆಯಿಲ್ಲ. ಅದನ್ನು ಅವಳಿಗೆ ಹೇಳಿದೆ.

ಈ ಕಾಯ್ದೆ ಪಕ್ಕದವರಿಗೂ ಇತ್ತಲ್ಲ ಎಂದು ಕೇಳಿದಳು. ಇತ್ತು ಎಂದೆ. ನನಗೆ ನಾಚಿಕೆಯಾಯಿತು. ಆಚೀಚೆ ನೋಡಿ, ಪರವಾನಗಿ ಇಲ್ಲದೆಯೇ ಕಟ್ಟಿಬಿಡವ್ವ, ಆಮೇಲೆ ದಂಡ ಕಟ್ಟಿದರಾಯಿತು ಎಂದು ಮೆಲ್ಲಗೆ ಹೇಳಿದೆ. ಅವಳು ಟೇಪಿನ ತುದಿ ಕೆಳಗಿಟ್ಟಳು.

"ಬುನಾದಿ ತಗಿಯೂದ ತಡ, ಆ ಅಂಗಡ್ಯಾವ್ರು ಅರ್ಜಿ ಕೊಡತಾರ್ರಿ, ಸಾಹೇಬ್ರ. ನಿಲ್ಲಸಾಕ ನೀವ ಬರತೀರಿ. ಅವ್ರಂಗ ಮಾಡಾಕ ನನಗ ಬರಂಗಿಲ್ರಿ. ನೀವು ನಿಲ್ಲಸು ಅಂದ್ರ ನಾ ನಿಲ್ಲಸತೇನಿ."