ವೆಂಡಲ್ ಬದಲಿಸಿದ ಬಲ್ಬು

ಕೆನಡಾದ ನನೈಮೋ ಊರಿನ ನಮ್ಮ ಬೀದಿಯಲ್ಲಿ ವೆಂಡಲ್ ಪ್ರಾಕ್ಟರ್‌ನಷ್ಟು ತಿಳಿದವನು ಇನ್ನೊಬ್ಬನಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವನೇ ಹೇಳುತ್ತಾನೆ. ಮೂವತ್ತು ವರ್ಷ ಹಡಗುಕಟ್ಟೆಯಲ್ಲಿ ಹಡಗು ಹತ್ತುವ ಕಾರುಗಳನ್ನು ಸಾಲಾಗಿ ನಿಲ್ಲಿಸಿದವನು, ನಿವೃತ್ತನಾದ ಮೇಲೆ ನಮ್ಮನ್ನೆಲ್ಲ ಸಾಲಿಗೆ ನಿಲ್ಲಿಸಲು ಹೊರಟ. ಯಾರ ಹುಲ್ಲು ಎಷ್ಟುದ್ದ ಇರಬೇಕು, ಯಾರ ನಾಯಿ ಎಷ್ಟು ಹೊತ್ತು ಬೊಗಳಬೇಕು, ಎಲ್ಲಕ್ಕೂ ಅವನ ಹತ್ತಿರ ಒಂದೊಂದು ಚೀಟಿ. ಇಂಥವನ ಜೊತೆ ಮ್ಯಾವಿಸ್ ನಲವತ್ತು ವರ್ಷ ಬಾಳಿದ್ದಾಳೆ. ಹೇಗೆ ಅಂತ ನನ್ನನ್ನು ಕೇಳಬೇಡಿ.

ಹೋದ ವರ್ಷ ಲಕ್ವ ಹೊಡೆದು ಅವಳ ಎಡಗಾಲು ಬಿದ್ದುಹೋಯಿತು. ಅಂದಿನಿಂದ ಅಡುಗೆಮನೆಯ ಕಿಟಕಿಯೇ ಅವಳ ಲೋಕ. ಅಲ್ಲಿಗೆ ತಪ್ಪದೆ ಬರುವ ಅತಿಥಿ ಒಂದೇ, ಹೆಬ್ಬೆರಳಿನಷ್ಟಿರುವ ಒಂದು ಹೆಣ್ಣು ಹಮ್ಮಿಂಗ್‌ಬರ್ಡ್. ಈ ಜಾತಿಯದು ಚಳಿಗಾಲದಲ್ಲೂ ಊರು ಬಿಡುವುದಿಲ್ಲ. ಕೊರೆಯುವ ದಿನಗಳಲ್ಲಿ ಬೆಳಕು ಹರಿಯುತ್ತಲೇ ಸಕ್ಕರೆ ನೀರು ಸಿಗದಿದ್ದರೆ ಬದುಕುವುದೂ ಕಷ್ಟ. ಅದಕ್ಕೇ ನಾನು ಖಾಲಿ ಮೀನಿನ ಡಬ್ಬಿಯೊಳಗೆ ಏಳು ವ್ಯಾಟಿನ ಹಳೇ ಬಲ್ಬು ಕೂರಿಸಿ, ಮ್ಯಾವಿಸ್‌ಳ ಕಿಟಕಿಯ ಹೊರಗೆ ಹಕ್ಕಿಗೆಂದು ತೂಗುಬಿಟ್ಟಿದ್ದ ಸಕ್ಕರೆ ನೀರಿನ ಶೀಸೆಯ ತಳಕ್ಕೆ ಕಟ್ಟಿಕೊಟ್ಟಿದ್ದೆ. ಬಲ್ಬಿನ ಕಾವಿಗೆ ನೀರು ಹೆಪ್ಪುಗಟ್ಟುವುದಿಲ್ಲ. ನಮ್ಮಲ್ಲಿ ಬಹಳ ಜನ ಮಾಡುವುದೇ ಹೀಗೆ.

ಡಿಸೆಂಬರಿನಲ್ಲಿ ಅದು ವೆಂಡಲ್‌ನ ಕಣ್ಣಿಗೆ ಬಿತ್ತು.

"ಏನಿದು ಓಬೀರಾಯನ ಕಾಲದ ಬಲ್ಬು! ಕರೆಂಟು ದಂಡ. ನೋಡು, ಎಲ್‌ಇಡಿ ಹಾಕಿದೀನಿ, ಹತ್ತು ವರ್ಷ ಬಾಳಿಕೆ."

"ಅದು ಬಿಸಿ ಆಗಲ್ಲ ವೆಂಡಲ್," ಎಂದಳಂತೆ ಮ್ಯಾವಿಸ್.

"ಕರೆಂಟಿನ ವಿಷ್ಯ ನಿಂಗೇನು ಗೊತ್ತು? ಸುಮ್ನಿರು."

ಹೊಸ ಬಲ್ಬು ಮೊದಲಿನದಕ್ಕಿಂತ ಜೋರಾಗಿಯೇ ಬೆಳಗುತ್ತಿತ್ತು. ಹೊರಗೆ ಥಳಕು, ಒಳಗೆ ಹುಳುಕು. ಎದುರು ಮನೆಯಿಂದ ಆ ಬೆಳಕು ಕಂಡು ನಾನೂ ಸುಮ್ಮನಾದೆ, ದಡ್ಡಿ.

ಮೂರನೆಯ ದಿನ ಮೈನಸ್ ಒಂಬತ್ತು. ಬೆಳಗಾಗುತ್ತಲೇ ಮ್ಯಾವಿಸ್ ಫೋನ್ ಮಾಡಿದಳು. "ಇಡ್ನಾ, ಬೇಗ ಬಾರೇ. ಶೀಸೆ ಗಡ್ಡೆ ಕಟ್ಟಿದೆ. ಅದು ಪಾಪ ಮಂಜುಗಡ್ಡೆನ ಕುಕ್ತಾ ಇದೆ!"

ನನ್ನ ಮನೆಯ ಶೀಸೆಯನ್ನು ಕಿತ್ತುಕೊಂಡು ಓಡಿದೆ. ಹೋಗುವಷ್ಟರಲ್ಲಿ ಹಕ್ಕಿ ಇರಲಿಲ್ಲ. ವೆಂಡಲ್ ನಿಲುವಂಗಿ ತೊಟ್ಟು ಕಾಫಿ ಹೀರುತ್ತಿದ್ದ.

"ದೀಪ ಉರೀತಾನೇ ಇದೆಯಲ್ಲ," ಎಂದ. "ನೀವು ಪಾಕ ಮಾಡೋದ್ರಲ್ಲೇ ಏನೋ ತಪ್ಪು."

"ಹಕ್ಕಿ ಎಲ್ಲಿ?"

"ಮೆಕ್ಸಿಕೋಗೆ ಹೋಗಿರುತ್ತೆ. ಬುದ್ಧಿ ಇರೋ ಹಕ್ಕಿ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆ ಕಾಫಿಯನ್ನು ಅವನ ತಲೆಯ ಮೇಲೇ ಸುರಿಯಬೇಕೆನ್ನಿಸಿತು ನನಗೆ.

"ನಂಗೆ ಹೋಗಿರೋದು ಕಾಲು, ಕಣ್ಣಲ್ಲ," ಎಂದಳು ಮ್ಯಾವಿಸ್. "ಅಗೋ, ಬೇಲಿ ಬುಡದಲ್ಲಿ ಬಿದ್ದಿದೆ. ಎತ್ಕೊಂಡು ಬಾ ಇಡ್ನಾ."

ಹಿಮದ ಮೇಲೆ ಕಣ್ಣು ಮುಚ್ಚಿ ಬಿದ್ದಿತ್ತು. ತಂದು ಅವಳ ಅಂಗೈಯಲ್ಲಿಟ್ಟೆ. ಇನ್ನೊಂದು ಕೈಯನ್ನು ಮೇಲೆ ಬೋಗುಣಿಯಂತೆ ಮುಚ್ಚಿ ಕುಳಿತಳು. ನಾನು ಚಮಚದಲ್ಲಿ ಸಕ್ಕರೆ ನೀರು ತಂದು ಕೊಕ್ಕಿಗೆ ಹಿಡಿದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ದಾರದ ಎಳೆಯಷ್ಟು ನಾಲಗೆ ಒಮ್ಮೆ ಹೊರಬಂತು, ಮತ್ತೊಮ್ಮೆ ಬಂತು.

ವೆಂಡಲ್ ಓಡಿಹೋಗಿ ಮೊಬೈಲ್ ತಂದ. "ನಮ್ಮ ಬೀದಿ ಪತ್ರಿಕೆಗೆ ಹಾಕೋಣ! ಇಲ್ಲಿ ಕೊಡು ಮ್ಯಾವಿಸ್, ನನ್ನ ಕೈಯಲ್ಲಿಟ್ಕೊಂಡು ಒಂದು ಫೋಟೋ..."

ಮ್ಯಾವಿಸ್ ಕೈ ಬಿಡಿಸಲಿಲ್ಲ.

"ನಲವತ್ತು ವರ್ಷ ನೀನು ದೀಪ ಉರೀತಿದ್ಯಾ ಅಂತ ಮಾತ್ರ ನೋಡಿದ್ದು. ಬೆಚ್ಚಗಿದ್ಯಾ ಅಂತ ಒಂದಿನಾನೂ ಮುಟ್ಟಿ ನೋಡ್ಲಿಲ್ಲ," ಎಂದಳು. "ಹೋಗು. ಎಸೆದಿದ್ದೀಯಲ್ಲ, ಆ ಹಳೇ ಬಲ್ಬು ಹುಡುಕಿ ಹಾಕು."

ಅವನು ನಿಲುವಂಗಿಯಲ್ಲೇ ಹೊರಗೆ ಹೋಗಿ ಕಸದ ಡಬ್ಬಿಯೊಳಗೆ ತಲೆ ತೂರಿಸಿದ. ಮನೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದವಳು ನಾನು.