ನಾಲ್ಕು ನಿಮಿಷ ಕತ್ತರಿಸಿದ ಪ್ರೇತದ ಚಿತ್ರ

೧೯೫೫ರ ಬೇಸಿಗೆಯಲ್ಲಿ ನಾನು ಮುಳ್ಳೇರಿಯದಲ್ಲಿ ಬೀಡುಬಿಟ್ಟಿದ್ದ ಒಂದು ಟೂರಿಂಗ್ ಟಾಕೀಸಿನ ಆಪರೇಟರ್. ಐದಕ್ಕೆ ಲೆನ್ಸ್ ಒರೆಸುವುದು, ಐದೂವರೆಗೆ ರೀಲು ಪರೀಕ್ಷಿಸುವುದು, ಆರೂವರೆಗೆ ಆಟ. ಇದು ಒಂದು ದಿನವೂ ತಪ್ಪಲು ನಾನು ಬಿಟ್ಟವನಲ್ಲ.

ಆ ವಾರ ಬಂದದ್ದು ತಮಿಳಿನ ಪ್ರೇತದ ಚಿತ್ರ. ಅರ್ಚಕರ ಮಗ ಹೂ ಕಟ್ಟುವ ಯುವತಿಯೊಬ್ಬಳನ್ನು ದೇವರ ದೀಪ ಮುಟ್ಟಿ ಮದುವೆಯಾಗುವೆನೆಂದು ಆಣೆಯಿಟ್ಟು ನಂಬಿಸಿ, ಕೂಡಿ, ಕೈಬಿಡುತ್ತಾನೆ. ಬಸುರಿ ಬಾವಿಗೆ ಹಾರಿ ಪ್ರೇತವಾಗುತ್ತಾಳೆ. ಕೊನೆಗೆ ಮಂತ್ರವಾದಿ ಅವಳನ್ನು ಮರಕ್ಕೆ ಮೊಳೆ ಹೊಡೆದು ಬಂಧಿಸುತ್ತಾನೆ.

ಮೊದಲ ಆಟದ ಮರುದಿನ ಬೆಳಿಗ್ಗೆ ಮೊಕ್ತೇಸರರು ಬಂದರು. ದೇವಸ್ಥಾನದ ಆಡಳಿತ ಅವರದ್ದು. ಟೆಂಟು ನಿಂತ ಗದ್ದೆಯೂ ಅವರದ್ದೇ.

“ಗರ್ಭಗುಡಿಯ ಎದುರು ಅಪ್ಪಿಕೊಳ್ಳುವುದು ಎಂತ ಮಾರಾಯ? ಹೆಂಗಸರು ನೋಡ್ಲಿಕ್ಕುಂಟಾ ಅದು? ತೆಗಿ.”

“ಮೊಳೆ ಹೊಡೆಯುವುದು?”

“ಅದಿರಲಿ. ಅದು ಧರ್ಮ.”

ಮ್ಯಾನೇಜರು ತಲೆಯಾಡಿಸಿದರು. ನಾನು ಮುನ್ನೂರ ಅರವತ್ತು ಅಡಿ, ಅಂದರೆ ನಾಲ್ಕು ನಿಮಿಷದ ಫಿಲ್ಮು ಕತ್ತರಿಸಿ ತುದಿಗಳನ್ನು ಅಂಟಿಸಿದೆ. ಅಪ್ಪುಗೆಯ ಜೊತೆಗೆ ಅದೇ ದೃಶ್ಯದಲ್ಲಿದ್ದ ದೀಪ ಮುಟ್ಟಿದ ಆಣೆಯೂ ಹೋಯಿತು.

ಅಂದಿನ ಆಟ ನೋಡಿದವರಿಗೆ ಅವಳು ಯಾರಿಂದಲೋ ಬಸುರಿಯಾದವಳು, ಅಷ್ಟೆ. ಮೊಳೆ ಬಿದ್ದಾಗ ಶಿಳ್ಳೆಯೋ ಶಿಳ್ಳೆ. ಹೆಂಗಸರ ಬಾಗಿಲಲ್ಲಿ ಟಿಕೆಟು ಹರಿಯುತ್ತಿದ್ದವಳು ಗಿರಿಜ. ಗಂಡ ಸಿಲೋನಿಗೆ ಹೋದವನು ಪತ್ತೆಯಿಲ್ಲ, ಒಬ್ಬಳೇ ಇದ್ದಳು. ಹೊರಹೋಗುವಾಗ ಒಬ್ಬ ಕೂಗಿದ: “ಗಿರಿಜಕ್ಕಾ, ನಿಮ್ಮ ಅಳತೆಯ ಮೊಳೆ ಪೇಟೆಯಲ್ಲಿ ಉಂಟಂತೆ!”

ಮೂರನೇ ದಿನ ಟೆಂಟಿನಲ್ಲಿ ಅವಳು ನಿಲ್ಲುವ ಬಾಗಿಲಿನ ಕಂಬಕ್ಕೆ ಯಾರೋ ನಿಜವಾಗಿಯೇ ಮೊಳೆ ಹೊಡೆದಿದ್ದರು. ಹೆಂಗಸರು ಅವಳ ಕೈಗೆ ಟಿಕೆಟು ಕೊಡದೆ ಒಳಗೆ ನುಗ್ಗಿದರು. “ನಾಳೆಯಿಂದ ನೀನು ಬೇಡ,” ಎಂದರು ಮ್ಯಾನೇಜರು.

ಅವಳು ನೇರ ನನ್ನ ಕ್ಯಾಬಿನ್ನಿಗೆ ಬಂದಳು.

“ಅವ ಆಣೆ ಹಾಕಿದ್ದನ್ನು ಯಾಕೆ ತೆಗೆದದ್ದು? ಮೊದಲ ದಿನ ನಾನು ನೋಡಿದ್ದೇನೆ.”

“ತೆಗೆಯಲು ಹೇಳಿದರು.”

“ಕತ್ತರಿ ನಿಮ್ಮ ಕೈಯಲ್ಲಿ ಇತ್ತಲ್ಲ, ಆಪರೇಟರೇ?”

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ತುಂಡು ಫಿಲ್ಮಿನ ಡಬ್ಬಿಯನ್ನು ಎಷ್ಟು ಸಲ ತೆರೆದು ಮುಚ್ಚಿದೆನೋ. ಮರುದಿನ ಐದೂವರೆಗೆ, ಯಾರನ್ನೂ ಕೇಳದೆ, ಅದನ್ನು ಮರಳಿ ಅಂಟಿಸಿದೆ. ಆಟದ ನಡುವೆ ಮೊಕ್ತೇಸರರು ಎದ್ದು ಹೋದರು. ಮೊಳೆಯ ದೃಶ್ಯಕ್ಕೆ ಮುಂದಿನ ಸಾಲಿನಿಂದ ಶಿಳ್ಳೆ ಬಂತು, ಆದರೆ ಹೆಂಗಸರ ಕಡೆಯಿಂದ ಒಬ್ಬ ಅಜ್ಜಿಯ ಗಂಟಲು ಅದನ್ನೂ ಮೀರಿತು: “ಆ ಭಟ್ಟರ ಮಗನಿಗೆ ಹೊಡೀರಿ ಮೊದಲು!”

ಗಿರಿಜ ಅದನ್ನು ಕೇಳಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಊರು ಬಿಟ್ಟಿದ್ದಳು. ವಾರದೊಳಗೆ ಮೊಕ್ತೇಸರರು ನಮ್ಮ ಟೆಂಟನ್ನೂ ಕೀಳಿಸಿದರು.

ಆಮೇಲೆ ಇಪ್ಪತ್ತೆಂಟು ವರ್ಷ ಹಲವು ಕಡೆ ಚಿತ್ರ ಓಡಿಸಿದೆ. ಇದು ಅಶ್ಲೀಲ, ತೆಗಿ ಎಂದವರಿಗೆಲ್ಲ ಕೇಳುತ್ತಿದ್ದೆ: ತೆಗೆದರೆ ತಪ್ಪು ಯಾರ ತಲೆಗೆ ಬೀಳುತ್ತದೆ? ಉತ್ತರ ಸಿಗುವವರೆಗೆ ಕತ್ತರಿ ಮುಟ್ಟುತ್ತಿರಲಿಲ್ಲ. ಮುಳ್ಳೇರಿಯದಲ್ಲಿ ಆ ಪ್ರಶ್ನೆ ನನಗೆ ಎರಡು ದಿನ ತಡವಾಗಿ ಹೊಳೆದಿತ್ತು.